ದೀಪವಿಲ್ಲದವರ ಕೊಳಗ

ಆ ಊರಿನ ನ್ಯಾಯದ ಮನೆಗೆ ಕಿಟಕಿ ಇರಲಿಲ್ಲ. ಬಾಗಿಲು ಒಂದಿತ್ತು, ಎಲ್ಲರೂ ಒಳಗೆ ಬಂದ ಮೇಲೆ ಅದನ್ನೂ ಮುಚ್ಚುತ್ತಿದ್ದರು. ಗೋಡೆಯ ತುಂಬ ಗೂಡುಗಳಿದ್ದವು. ಒಂದೊಂದು ಗೂಡಿನಲ್ಲಿ ಒಂದೊಂದು ಹಣತೆ, ಒಂದೊಂದು ಹಣತೆ ಒಂದೊಂದು ಮನೆಯದು. ಗೂಡುಗಳು ತುಂಬ ಆಳ. ಹಣತೆಯ ಬೆಳಕು ಗೂಡಿನಲ್ಲೇ ಉಳಿಯುತ್ತಿತ್ತು, ಹೊರಗೆ ಚೆಲ್ಲುತ್ತಿರಲಿಲ್ಲ. ನಡುವೆಲ್ಲ ಕತ್ತಲು. ಕತ್ತಲಿನ ಆ ತುದಿಯಲ್ಲಿ ನ್ಯಾಯ ಹೇಳುವವನು ಕೂತಿರುತ್ತಿದ್ದ.

ದೂರು ಇದ್ದವನು ತನ್ನ ಹಣತೆಯನ್ನು ಗೂಡಿನಿಂದ ತೆಗೆದು ತನ್ನ ಮುಖದ ಮುಂದೆ ಹಿಡಿಯಬೇಕು. ಮುಖ ಕಂಡರೆ ಮಾತು ಕೇಳಿಸುತ್ತದೆ, ಕಾಣದಿದ್ದರೆ ಕೇಳಿಸುವುದಿಲ್ಲ. ಇದು ಆ ಊರಿನ ಕಟ್ಟಳೆ. ಕತ್ತಲಿನೊಳಗಿಂದ ಯಾರಾದರೂ ಮಾತಾಡಿದರೆ ದೀಪ ಕಾಯುವವನು ಬಾಗಿಲ ಬಳಿಯಿಂದ "ಯಾರೂ ಇಲ್ಲ" ಎನ್ನುತ್ತಿದ್ದ. ನ್ಯಾಯ ಹೇಳುವವನೂ "ಯಾರೂ ಇಲ್ಲ" ಎನ್ನುತ್ತಿದ್ದ. ಮುಂದಿನ ದೂರಿಗೆ ಹೋಗುತ್ತಿದ್ದರು.

ಯಾರ ಮೇಲೆ ದೂರೋ ಅವರ ಮುಖಕ್ಕೂ ಬೆಳಕು ಬೇಕು. ಆ ಬೆಳಕನ್ನು ದೂರು ತಂದವನೇ ಹಿಡಿಯಬೇಕು. ತೀರ್ಪು ಹೇಳಿ, ಅದು ನಡೆದು ಮುಗಿಯುವ ತನಕ ಆ ಹಣತೆ ಇಬ್ಬರದೂ.

ಹಣತೆ ಹಿಡಿದು ಸುಳ್ಳು ಹೇಳುವಂತಿಲ್ಲ. ಹೇಳಿದ್ದು ಗೊತ್ತಾದರೆ ತನ್ನ ಬತ್ತಿಯನ್ನು ತಾನೇ ಚಿವುಟಿ ಆರಿಸಬೇಕು. ಆಮೇಲೆ ಆ ಮನೆಯವರು ಯಾರೂ ಅಲ್ಲ. ಹಾಗೆ ಆರಿದ ಗೂಡುಗಳು ಕೆಲವು ಇದ್ದವು. ಆ ಮನೆಗಳವರು ಊರಿನಲ್ಲಿ ಓಡಾಡುತ್ತಿದ್ದರು, ಉಣ್ಣುತ್ತಿದ್ದರು, ಅವರ ಹಸುವನ್ನು ಯಾರಾದರೂ ಹೊಡೆದುಕೊಂಡು ಹೋದರೆ ನೋಡುತ್ತ ನಿಲ್ಲುತ್ತಿದ್ದರು.

ಹೊರಗಿನವರಿಗೂ ಗೂಡು ಸಿಗುತ್ತಿತ್ತು. ವ್ಯಾಪಾರಕ್ಕೆ ಬರುವವರು ಹೊಸ ಎಣ್ಣೆಯ ದಿನ ಬಂದು ಕೇಳಬೇಕು. ವರ್ಷಕ್ಕೆ ಅದೊಂದೇ ದಿನ. ಹಣತೆಗೆ ಎಣ್ಣೆ ಹಾಕಲು ತಮ್ಮವರೊಬ್ಬರನ್ನು ಊರಿನಲ್ಲಿ ಬಿಡಬೇಕು. ಒಂದೇ ಸಲ ಬಂದು ಹೋಗುವ ದಾರಿಹೋಕರಿಗೆ ಮಾತ್ರ ವಿನಾಯಿತಿ. ಅವರ ಮುಖಕ್ಕೆ ದೀಪ ಕಾಯುವವನು ತನ್ನ ಕೈದೀಪ ಹಿಡಿಯುತ್ತಿದ್ದ.

ಗುಡ್ಡದ ಆಚೆ ಬೀಜದ ಬಳಗ ಎಂಬುದೊಂದಿತ್ತು. ಅನೇಕ ಮನೆಗಳು ಸೇರಿ ಒಂದು ಬಳಗ. ಬೀಜ ಕಾಯುವುದು, ಕೊಡುವುದು, ವಾಪಸು ತರುವುದು ಅವರ ಕೆಲಸ. ಬಳಗದ ಪರವಾಗಿ ಯಾರೇ ಬಂದರೂ "ನಾವು" ಎಂದೇ ಮಾತಾಡುತ್ತಿದ್ದರು, ಬಂದವರು ಒಬ್ಬರೇ ಆಗಿದ್ದರೂ. ಪ್ರತಿ ವರ್ಷ ಮಳೆಗೆ ಮೊದಲು ಅವರು ಒಂದು ಕೊಳಗ ಹುಚ್ಚೆಳ್ಳು ತಂದು ಈ ಊರಿನ ಹೊಲದ ಯಜಮಾನನ ಹೊಸ್ತಿಲ ಮೇಲೆ ಇಡುತ್ತಿದ್ದರು. ಯಜಮಾನಿ ಕೊಳಗಕ್ಕೆ ಅರಿಸಿನ ಕುಂಕುಮ ಹಚ್ಚಿ ಒಳಗೆ ಒಯ್ಯುತ್ತಿದ್ದಳು. ಸುಗ್ಗಿಯಾದ ಮೇಲೆ ಅದೇ ಕೊಳಗದ ತುಂಬ ಬೀಜ, ಮೇಲೊಂದು ಬೊಗಸೆ, ಗುಡ್ಡ ದಾಟಿ ಹೋಗುತ್ತಿತ್ತು.

ಹಿಂದೊಮ್ಮೆ ಬಳಗದವರು ಗೂಡು ಕೇಳಬೇಕೆಂದು ಹೊರಟಿದ್ದರು. ಯಜಮಾನನೇ ತಡೆದಿದ್ದ. "ನಿಮಗ್ಯಾಕೆ ಬೇರೆ ದೀಪ? ನಮ್ಮ ಮನೆ ದೀಪವೇ ನಿಮ್ಮ ದೀಪ" ಎಂದಿದ್ದ. ಬಳಗಕ್ಕೆ ಸಂತೋಷವಾಗಿತ್ತು.

ಒಂದು ವರ್ಷ, ಸುಗ್ಗಿಯ ಕೊಳಗ ಇನ್ನೂ ವಾಪಸು ಬರುವ ಮೊದಲೇ, ಗುಡ್ಡ ಜರಿಯಿತು. ಬಳಗದ ಕಣಜ ಮಣ್ಣಿನಡಿ ಹೋಯಿತು. ಜನ ಉಳಿದರು, ಬೀಜ ಉಳಿಯಲಿಲ್ಲ. ಇನ್ನು ಅವರ ಹುಚ್ಚೆಳ್ಳು ಎಲ್ಲಾದರೂ ಇದ್ದರೆ ಅದು ಯಜಮಾನನ ಮನೆಯಲ್ಲಿ. ಮಳೆ ಬೀಳುವ ಮೊದಲು ಒಂದು ಕೊಳಗ ಗುಡ್ಡ ದಾಟಿದರೆ ಬಳಗ ಉಂಟು, ಇಲ್ಲದಿದ್ದರೆ ಇಲ್ಲ. ಬಳಗದವರು ಒಬ್ಬ ಹೆಂಗಸನ್ನು ಕಳಿಸಿದರು.

"ಬಂದಿದ್ದೀವಿ ಯಜಮಾನರೇ" ಎಂದಳು ಅವಳು.

ಯಜಮಾನ ಅವಳ ಬೆನ್ನ ಹಿಂದೆ ನೋಡಿದ. "ಎಲ್ಲಿ? ಒಬ್ಬಳೇ ಕಾಣ್ತೀಯಲ್ಲ."

"ಉಳಿದವರು ಹೊಲ ಹಸನು ಮಾಡ್ತಿದ್ದಾರೆ. ಬೀಜ ಬೇಕು."

ಗುಡ್ಡ ಜರಿದ ಸುದ್ದಿ ಯಜಮಾನನಿಗೆ ಮೊದಲೇ ಮುಟ್ಟಿತ್ತು. ಫಸಲು ಬಹುಪಾಲು ಗಾಣಕ್ಕೆ ಹೋಗಿ ಎಣ್ಣೆಯಾಗಿತ್ತು. ಬಿತ್ತನೆಗೆಂದು ಒಂದು ದೊಡ್ಡ ಗಡಿಗೆ ಬೀಜ ಒಳಗಿತ್ತು. ಆಚೆ ಬೀಜವಿಲ್ಲದಿದ್ದರೆ ಬೀಜ ಇರುವುದು ತನ್ನೊಬ್ಬನ ಬಳಿ. ಇನ್ನು ಮೇಲೆ ಎಲ್ಲರೂ ತನ್ನ ಹೊಸ್ತಿಲಿಗೇ ಬರಬೇಕು. ಇಷ್ಟನ್ನು ಅವನು ಯೋಚಿಸಿ ಮುಗಿಸಿದ್ದ.

ಒಳಗೆ ಹೋಗಿ ಬಳಗದ ಕೊಳಗ ತಂದು ಹೊಸ್ತಿಲ ಮೇಲೆ ಇಟ್ಟ. ಮರದ ಕೊಳಗ, ಬಾಯಿಗೆ ಹಿತ್ತಾಳೆ ಪಟ್ಟಿ. ಒಳಗೆ ಏನೂ ಇರಲಿಲ್ಲ.

"ನಿಮ್ಮದು ತಾನೇ? ತಗೊಂಡು ಹೋಗಿ. ಕೊಟ್ಟಾಯ್ತು."

"ಅದು ಖಾಲಿ ಇದೆ."

"ಒಳ್ಳೇದಾಯ್ತಲ್ಲ. ಗುಡ್ಡ ಹತ್ತೋಕೆ ಹಗುರ."

ತುಂಬಿ ಬಂದ ಪಾತ್ರೆ ಖಾಲಿ ಹೋಗಬಾರದು ಎಂಬುದು ಗುಡ್ಡದ ಈಚೆಗೂ ಇತ್ತು, ಆಚೆಗೂ ಇತ್ತು. ಅವಳು ಕೊಳಗ ಮುಟ್ಟಲಿಲ್ಲ. "ನ್ಯಾಯದ ಮನೆಗೆ ಹೋಗ್ತೀವಿ" ಎಂದಳು.

"ಹೋಗಿ. ನಿಮ್ಮ ಹಣತೆ ಯಾವ ಗೂಡಲ್ಲಿದೆ ಅಂತ ಕೇಳ್ತಾರೆ. ಹೇಳಿ."

ದೀಪ ಕಾಯುವವನು ಬಾಗಿಲಲ್ಲೇ ಕೇಳಿದ. "ಗೂಡು ಯಾವುದಮ್ಮಾ?"

"ಗೂಡಿಲ್ಲ."

"ದಾರಿಹೋಕರೋ?"

ಅವನು ದನಿ ತಗ್ಗಿಸಿದ. "ಒಂದೇ ಸಲ ಬಂದದ್ದು ಅನ್ನಿ ತಾಯಿ. ನನ್ನ ಕೈದೀಪ ಹಿಡೀತೀನಿ."

"ಪ್ರತಿ ವರ್ಷ ಬಂದಿದ್ದೀವಿ."

"ನಿಮ್ಮನ್ನ ನಾನು ನೋಡಿದ್ದೇ ಇಲ್ವಲ್ಲ. ಇದೇ ಮೊದಲ ಸಲ ತಾನೇ?"

"ಈ ಕಾಲಿಗೆ ಮೊದಲ ಸಲ. ನಾವು ಪ್ರತಿ ವರ್ಷ ಬಂದಿದ್ದೀವಿ."

"ಒಂದು ಮಾತು ನುಂಗಿದ್ರೆ ಏನು ಹೋಗುತ್ತೆ?"

"ಬಂದಿಲ್ಲ ಅಂದ್ರೆ ಕೊಟ್ಟಿಲ್ಲ ಅಂದ ಹಾಗಾಯ್ತಲ್ಲಪ್ಪ. ಕೊಡದೇ ಇದ್ದದ್ದನ್ನ ಹೇಗೆ ಕೇಳೋದು?"

ಅವನು ತಲೆ ಕೆರೆದುಕೊಂಡ. "ಹಾಗಾದ್ರೆ ನಾನು ನನ್ನ ಮಾತು ಹೇಳಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಬಾಗಿಲು ಮುಚ್ಚಿತು. ಅವಳು ಕತ್ತಲಲ್ಲಿ ನಿಂತಳು. ಸುತ್ತ ಗೂಡುಗಳಲ್ಲಿ ಹಣತೆಗಳು ಉರಿಯುತ್ತಿದ್ದವು. ಮೊದಲು ಅವಳಿಗೆ ತಾಕಿದ್ದು ಬೆಳಕಲ್ಲ, ವಾಸನೆ. ಕಾದ ಹುಚ್ಚೆಳ್ಳೆಣ್ಣೆಯ ವಾಸನೆ. ತಮ್ಮದೇ ಬೀಜ.

"ನಾವು ಬೀಜದ ಬಳಗದವರು" ಎಂದಳು.

"ಯಾರೂ ಇಲ್ಲ" ಎಂದ ದೀಪ ಕಾಯುವವನು.

"ಹೊಲದ ಯಜಮಾನರಿಗೆ ಕೊಟ್ಟ ಬೀಜ ವಾಪಸು ಬರಬೇಕು."

"ಯಾರೂ ಇಲ್ಲ" ಎಂದ ನ್ಯಾಯ ಹೇಳುವವನು.

"ಮಳೆಗೆ ಮೊದಲು ಬೇಕು."

ಯಾರೋ ಇನ್ನೊಬ್ಬ ತನ್ನ ಹಣತೆ ಹಿಡಿದು, ಬೇಲಿ ಒತ್ತಿದ ನೆರೆಯವನ ಮೇಲೆ ದೂರು ಹೇಳತೊಡಗಿದ.

ಅವಳಿಗೆ ಬೇರೆ ಹೋಗಲು ಜಾಗವಿರಲಿಲ್ಲ. ಬಂದು ಕೊಳಗದ ಪಕ್ಕ ಕೂತಳು.

ಖಾಲಿ ಅಳತೆಯ ಪಾತ್ರೆಯನ್ನು ಆ ಊರಿನಲ್ಲಿ ಯಾರೂ ದಾಟುವುದಿಲ್ಲ. ದಾಟಿದ ಮನೆಯಲ್ಲಿ ಅಳೆಯಲು ಏನೂ ಉಳಿಯುವುದಿಲ್ಲ ಎನ್ನುತ್ತಾರೆ. ಇಟ್ಟವನೇ ಮತ್ತೆ ಎತ್ತಿದರೆ ಕೊಡುವುದು ಬಾಕಿ ಇದೆ ಎಂದು ಒಪ್ಪಿದ ಹಾಗೆ. ಯಜಮಾನ ಇಡುವಾಗ ಇದನ್ನು ಯೋಚಿಸಿರಲಿಲ್ಲ. ಅವಳು ಎತ್ತಿಕೊಂಡು ಹೋಗುತ್ತಾಳೆ ಎಂದುಕೊಂಡಿದ್ದ.

ಮನೆಯವರೆಲ್ಲ ಹಿಂದಿನ ಕೊಟ್ಟಿಗೆಯ ಬಾಗಿಲಿನಿಂದ ಓಡಾಡತೊಡಗಿದರು. ಯಜಮಾನ ಎತ್ತರದ ಆಳು, ಕೊಟ್ಟಿಗೆಯ ಬಾಗಿಲು ಗಿಡ್ಡ. ದಿನಾ ಬೆಳಿಗ್ಗೆ ತಲೆ ಬಡಿಯುವ ಸದ್ದು ಅಂಗಳಕ್ಕೆ ಕೇಳಿಸುತ್ತಿತ್ತು.

"ಬಗ್ಗಿ ನಡೀರಿ" ಎನ್ನುತ್ತಿದ್ದಳು ಯಜಮಾನಿ ಒಳಗಿಂದ. "ಎಮ್ಮೆಗೂ ಅಭ್ಯಾಸ ಆಗಿದೆ."

ಅವಳು ಪಕ್ಕದ ಕಿಟಕಿಯಿಂದ ಹೆಂಗಸಿಗೆ ಮಜ್ಜಿಗೆ ಕೊಡುತ್ತಿದ್ದಳು. ಕೊಡುವಾಗ ಮಾತಾಡುತ್ತಿರಲಿಲ್ಲ. ಒಂದು ದಿನ ಮಾತ್ರ ಕೇಳಿದಳು. "ಅಕ್ಕಾ, ಅಲ್ಲಿ ಮಕ್ಕಳು ಮರಿ?"

"ಇದ್ದಾರೆ. ನೇಗಿಲು ಹೂಡಿ ಕಾಯ್ತಿದ್ದಾರೆ."

ಆ ಸಂಜೆ ಯಜಮಾನಿ ಗಂಡನಿಗೆ ಹೇಳಿದಳು. "ಅಲ್ರೀ, ತುಂಬಿ ಕೊಟ್ಟುಬಿಡಿ. ಹೊಸ್ತಿಲಿಗೆ ರಂಗೋಲಿ ಬಿದ್ದು ಎಷ್ಟು ದಿನವಾಯ್ತು."

"ಅವಳು ಯಾರೂ ಅಲ್ಲ ಅಂತ ನ್ಯಾಯದ ಮನೇಲೇ ಹೇಳಿದ್ದಾರೆ."

"ಯಾರೂ ಅಲ್ಲದವಳಿಗೆ ನೀವ್ಯಾಕೆ ಹೆದರಿ ಹಿತ್ತಲಿಂದ ಹೋಗ್ತೀರಿ?"

ಗುಡ್ಡದ ನೆತ್ತಿಯ ಮೇಲೆ ಮೋಡ ಕೂಡುತ್ತಿತ್ತು. ಯಜಮಾನನಿಗೂ ಬಿತ್ತನೆಗೆ ಹೋಗಬೇಕಿತ್ತು. ಕೊಟ್ಟಿಗೆಯ ಬಾಗಿಲಿನಿಂದ ಬೀಜ ಹೊರಡಿಸುವುದು ಅವನ ಮನೆತನದಲ್ಲಿ ಇರಲಿಲ್ಲ. ಮಾರನೆಯ ದಿನ ಅವನೇ ನ್ಯಾಯದ ಮನೆಗೆ ಹೋದ. ತನ್ನ ಗೂಡಿನಿಂದ ಹಣತೆ ತೆಗೆದು ಮುಖದ ಮುಂದೆ ಹಿಡಿದ.

"ಸ್ವಾಮಿ, ನನ್ನ ಹೊಸ್ತಿಲ ಮೇಲೆ ಒಂದು ಖಾಲಿ ಕೊಳಗ ಇದೆ. ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದಾಳೆ. ಎರಡನ್ನೂ ಎಬ್ಬಿಸಿ ಕೊಡಬೇಕು."

"ದೂರು ಯಾರ ಮೇಲೆ?"

"ಬೀಜದ ಬಳಗದ ಮೇಲೆ."

"ಕರೆಸಿ."

ಅವಳನ್ನು ಕರೆತಂದರು. ಬಾಗಿಲು ಮುಚ್ಚಿತು. ಅವಳು ಮೊದಲ ಸಲ ನಿಂತಲ್ಲೇ ನಿಂತಳು.

"ಮುಖ ತೋರಿಸಿ" ಎಂದ ನ್ಯಾಯ ಹೇಳುವವನು.

ಯಜಮಾನ ತನ್ನ ಹಣತೆಯನ್ನು ಅವಳ ಮುಖದ ಹತ್ತಿರ ಒಯ್ದ. ಮೊದಲು ಗಲ್ಲ ಕಂಡಿತು, ಆಮೇಲೆ ಕಣ್ಣು. ಹುಬ್ಬಿನ ಮೇಲೆ ಜರಿದ ಗುಡ್ಡದ ಕೆಂಪು ಮಣ್ಣು ಒಣಗಿತ್ತು. ನ್ಯಾಯ ಹೇಳುವವನು ಅವಳನ್ನು ಸ್ವಲ್ಪ ಹೊತ್ತು ನೋಡಿದ.

"ಯಾರು ನೀವು?"

"ನಾವು ಬೀಜದ ಬಳಗದವರು." ಈ ದನಿ ನ್ಯಾಯ ಹೇಳುವವನಿಗೆ ಪರಿಚಯವಿತ್ತು, ಮುಖ ಇರಲಿಲ್ಲ.

"ಕೇಳಿದ್ದಕ್ಕೆ ಉತ್ತರ ಹೇಳಬಹುದು. ನೀವಾಗಿ ಏನನ್ನೂ ಕೇಳುವಂತಿಲ್ಲ. ಈ ಬೆಳಕು ಅಷ್ಟಕ್ಕೇ."

"ಆಗಲಿ."

"ಹೊಸ್ತಿಲಲ್ಲಿ ಯಾಕೆ ಕೂತಿರಿ?"

"ಕೊಳಗ ಖಾಲಿ ಇದೆ. ತುಂಬಿ ಬಂದದ್ದು. ಎತ್ತೋಕೆ ಆಗಲಿಲ್ಲ, ಬಿಟ್ಟು ಹೋಗೋಕೂ ಆಗಲಿಲ್ಲ."

ನ್ಯಾಯ ಹೇಳುವವನು ಯಜಮಾನನ ಕಡೆ ತಿರುಗಿದ. "ತುಂಬಿ ಬಂದದ್ದು ಹೌದೇ?"

ಯಜಮಾನ ಈ ಪ್ರಶ್ನೆಗೆ ಸಿದ್ಧನಾಗಿ ಬಂದಿದ್ದ. "ಸ್ವಾಮಿ, ಇವರಿಗೆ ಈ ಮನೆಯಲ್ಲಿ ಹಣತೆಯೇ ಇಲ್ಲ. ಹಣತೆ ಇಲ್ಲದವರು ಯಾರೂ ಅಲ್ಲ. ಯಾರೂ ಅಲ್ಲದವರಿಂದ ನಾನು ಏನು ತಗೊಂಡಿರೋಕೆ ಸಾಧ್ಯ?"

"ಹಾಗಾದರೆ ನಿಮ್ಮ ಹೊಸ್ತಿಲಲ್ಲಿ ಯಾರೂ ಇಲ್ಲ. ದೂರು ಮುಗಿಯಿತು. ಮನೆಗೆ ಹೋಗಿ."

ಕತ್ತಲಿನಲ್ಲಿ ಯಾರೋ ನಕ್ಕರು.

"ಇದ್ದಾಳಲ್ಲ ಸ್ವಾಮಿ, ಇಲ್ಲೇ."

"ಇದ್ದಾಳೋ ಇಲ್ಲವೋ, ಒಂದು ಹೇಳಿ ಯಜಮಾನರೇ. ಎಬ್ಬಿಸುವಾಗ ಇದ್ದು ಕೊಡುವಾಗ ಇಲ್ಲದವರನ್ನು ನಾನು ಎಂದೂ ಕಂಡಿಲ್ಲ."

ಯಜಮಾನ ಹಣತೆಯನ್ನು ಇನ್ನೊಂದು ಕೈಗೆ ಬದಲಿಸಿದ. ನ್ಯಾಯ ಹೇಳುವವನು ಹೆಂಗಸನ್ನು ಕೇಳಿದ. "ಇಷ್ಟು ವರ್ಷ ಬಂದಿದ್ದೀರಿ. ಗೂಡು ಯಾಕೆ ಕೇಳಲಿಲ್ಲ?"

"ಕೇಳೋಕೆ ಹೊರಟಿದ್ದೆವು. ಯಜಮಾನರು ಬೇಡ ಅಂದ್ರು. ನಮ್ಮ ಮನೆ ದೀಪವೇ ನಿಮ್ಮ ದೀಪ ಅಂದ್ರು."

"ಅಂದದ್ದು ಹೌದೇ?"

ಯಜಮಾನ ಬತ್ತಿಯನ್ನು ನೋಡಿದ. ಆಚೆ ಆರಿದ ಗೂಡುಗಳ ಕಡೆ ನೋಡಿದ. "ಮಾತಿಗೆ ಅಂದಿದ್ದೆ ಸ್ವಾಮಿ."

"ಮಾತಿಗೆ ಅಂದದ್ದನ್ನೇ ಈಗ ಕೈಯಲ್ಲಿ ಹಿಡಿದಿದ್ದೀರಿ. ಕೊಳಗ ತುಂಬಿ ಬಂದದ್ದು ಹೌದೇ?"

"ಹೌದು."

"ನಿಮ್ಮ ದೂರನ್ನು ಒಪ್ಪಿದ್ದೇನೆ" ಎಂದ ನ್ಯಾಯ ಹೇಳುವವನು. "ಹೊಸ್ತಿಲು ನಿಮ್ಮದು, ಅದು ತೆರವಾಗಬೇಕು. ಕೊಳಗವೂ ಹೋಗಲಿ, ಹೆಂಗಸೂ ಹೋಗಲಿ. ತುಂಬಿ ಬಂದ ಪಾತ್ರೆ ಖಾಲಿ ಹೋಗಬಾರದು. ಇದು ನನ್ನ ತೀರ್ಪಲ್ಲ, ಊರಿನ ನಡಾವಳಿ."

"ಒಂದು ಚಿಟಿಕೆ ಸಕ್ಕರೆ ಹಾಕಿ ಕಳಿಸ್ತೀನಿ."

"ಬಟ್ಟಲಿಗೆ ಚಿಟಿಕೆ ಸಾಕು. ಅಳತೆಯ ಪಾತ್ರೆ ಪಟ್ಟಿಯ ತನಕ ತುಂಬಬೇಕು."

"ಏನು ತುಂಬಲಿ?"

ನ್ಯಾಯ ಹೇಳುವವನು ಹೆಂಗಸಿನ ಮುಖ ನೋಡಿದ. ಅವಳು ಬಾಯಿ ತೆರೆಯಲಿಲ್ಲ. ತೆರೆಯುವಂತಿರಲಿಲ್ಲ.

"ಅದನ್ನು ಯಾರೂ ನನ್ನ ಮುಂದೆ ಕೇಳಿಲ್ಲ" ಎಂದ ಅವನು. "ಕೇಳದ್ದನ್ನು ನಾನು ಕೊಡಲಾರೆ. ತುಂಬಿ ಬನ್ನಿ. ಬಂದು ಈ ಹಣತೆಯನ್ನು ಇವರ ಮುಖಕ್ಕೆ ಹಿಡಿದು, ಅವರದು ಅವರಿಗೆ ಸೇರಿತು ಅನ್ನಿ. ಎಲ್ಲ ದೂರೂ ಮುಗಿಯುವುದು ಆ ಮಾತಿನಿಂದಲೇ. ನಿಮಗೆ ಗೊತ್ತಲ್ಲ."

ಇಬ್ಬರೂ ಬೀದಿಗೆ ಇಳಿದರು. ಹಗಲಿನಲ್ಲಿ, ಬೀದಿಯ ನಡುವೆ, ಯಜಮಾನ ಹಣತೆ ಹಿಡಿದು ನಡೆದ. ಮಳೆಗಾಳಿ ಬೀಸುತ್ತಿತ್ತು. ಅವನು ಒಂದು ಕೈ ಅಡ್ಡ ಹಿಡಿದ. ಗಾಳಿ ತಿರುಗಿದಾಗ ಅವಳೂ ಒಂದು ಕೈ ಅಡ್ಡ ಹಿಡಿದಳು. ಹಣತೆ ಆರಲಿಲ್ಲ.

ಹೊಸ್ತಿಲ ಈಚೆ ನಿಂತು ಯಜಮಾನ ಹೆಂಡತಿಯನ್ನು ಕರೆದ. "ಕೊಳಗ ತುಂಬಿ ಕಳಿಸಬೇಕಂತೆ. ಹೊಟ್ಟು ತಾ."

ಯಜಮಾನಿ ಒಂದು ಮೊರದ ತುಂಬ ಹೊಟ್ಟು ತಂದಳು. ಮತ್ತೆ ಒಳಗೆ ಹೋಗಿ ಬೀಜದ ಗಡಿಗೆಯನ್ನೂ ತಂದಳು. ಎರಡನ್ನೂ ಕೊಳಗದ ಅಕ್ಕಪಕ್ಕ ಇಟ್ಟಳು.

"ಯಾವುದು ಸುರೀಲಿ?"

"ಹೇಳಿದ್ನಲ್ಲ."

"ಆಮೇಲೆ ಅಲ್ಲಿ ನಿಂತು ಅವರದು ಅವರಿಗೆ ಸೇರಿತು ಅನ್ನೋರು ನೀವು. ನಾನಲ್ಲ." ಅವಳು ಹಣತೆಯ ಕಡೆ ನೋಡಿದಳು. "ಅದು ಆರಿದ್ರೆ ನಾಳೆಯಿಂದ ನಾನೂ ಯಾರೂ ಅಲ್ಲ. ಈ ಎಮ್ಮೇನ ಯಾರಾದ್ರೂ ಬಿಚ್ಚಿಕೊಂಡು ಹೋದ್ರೆ ನಾನು ಯಾರ ಮುಂದೆ ಹೇಳ್ಲಿ? ಈ ಅಕ್ಕನ ಪಕ್ಕ ಬಂದು ಕೂತ್ಕೋಬೇಕಾಗುತ್ತೆ, ಅಷ್ಟೇ."

ಒಂದು ಹನಿ ಬಿತ್ತು. ಹಣತೆ ಚುರ್ ಎಂದಿತು. ಯಜಮಾನ ಅದನ್ನು ಎದೆಗೆ ಹತ್ತಿರ ಹಿಡಿದುಕೊಂಡ. ತುಂಬ ಹೊತ್ತು ಹೊಟ್ಟು ನೋಡಿದ, ಗಡಿಗೆ ನೋಡಿದ, ಕೊನೆಗೆ ಕೊಳಗದ ಪಕ್ಕ ನಿಂತಿದ್ದ ಹೆಂಗಸನ್ನು ನೋಡಿದ. ಬೆಳಕು ಇನ್ನೂ ಅವಳ ಮುಖದ ಮೇಲೂ ಇತ್ತು.

"ಗಡಿಗೆ" ಎಂದ.

ಯಜಮಾನಿ ಸುರಿದಳು. ಕಪ್ಪು ಬೀಜ ಸದ್ದಿಲ್ಲದೆ ಏರಿ ಹಿತ್ತಾಳೆ ಪಟ್ಟಿಯನ್ನು ಮುಟ್ಟಿತು. ಅವಳು ಅಂಗೈಯಿಂದ ಸವರಿ ಮಟ್ಟ ಮಾಡಿದಳು. ಗಡಿಗೆಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಆಮೇಲೆ ಎರಡೂ ಕೈ ಗಡಿಗೆಗೆ ಹಾಕಿ, ಒಂದು ಬೊಗಸೆ ಎತ್ತಿ, ಮಟ್ಟದ ಮೇಲೆ ಗೋಪುರದ ಹಾಗೆ ಇಟ್ಟಳು.

"ಇದು ತೀರ್ಪಿನಲ್ಲಿ ಇರಲಿಲ್ಲ" ಎಂದ ಯಜಮಾನ.

"ಗೊತ್ತು" ಎಂದಳು ಯಜಮಾನಿ. ಕೊಳಗದ ಬಾಯಿಗೆ ತನ್ನದೊಂದು ಬಟ್ಟೆ ಕಟ್ಟಿದಳು. ಪಟ್ಟಿಗೆ ಕುಂಕುಮ ಹಚ್ಚಿದಳು.

ಹೆಂಗಸು ಕೊಳಗವನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು. ಹೊಸ್ತಿಲು ತೆರವಾಯಿತು. ಯಜಮಾನಿ ರಂಗೋಲಿ ಬಟ್ಟಲು ತರಲು ಒಳಗೆ ಹೋದಳು.

ನ್ಯಾಯದ ಮನೆಯಲ್ಲಿ ಬಾಗಿಲು ಮುಚ್ಚಿತು. ಯಜಮಾನ ಹಣತೆಯನ್ನು ಅವಳ ಮುಖಕ್ಕೆ ಹಿಡಿದ. "ಅವರದು ಅವರಿಗೆ ಸೇರಿತು" ಎಂದ. ಅವನ ದನಿ ಸರಿಯಾಗಿಯೇ ಇತ್ತು.

"ಸೇರಿತು" ಎಂದಳು ಅವಳು.

ಯಜಮಾನ ಹಣತೆಯನ್ನು ತನ್ನ ಗೂಡಿನಲ್ಲಿ ಇಟ್ಟ. ಬೆಳಕು ಅವನ ಜೊತೆ ಹೋಯಿತು. ಅವಳ ಗಲ್ಲ, ಹುಬ್ಬು, ತಲೆಯ ಮೇಲಿನ ಕೊಳಗ ಎಲ್ಲ ಮತ್ತೆ ಕತ್ತಲಾದವು. ಹೊರಗೆ ಮಳೆ ಹತ್ತಿರ ಬರುವ ಸದ್ದಿತ್ತು. ಅವಳಿಗೆ ಗುಡ್ಡ ಹತ್ತಬೇಕಿತ್ತು.

"ಬರ್ತೀವಿ" ಎಂದಿತು ಕತ್ತಲಿನಿಂದ ಅವಳ ದನಿ.

"ಯಾರೂ ಇಲ್ಲ" ಎಂದ ದೀಪ ಕಾಯುವವನು, ಬಾಗಿಲು ತೆರೆಯುತ್ತ.

ಈಗ ನ್ಯಾಯ ಹೇಳುವವನೂ ಅದನ್ನೇ ಹೇಳಬೇಕು. ಎಲ್ಲರೂ ಕಾದರು. ಗೂಡುಗಳಲ್ಲಿ ಹುಚ್ಚೆಳ್ಳೆಣ್ಣೆ ಉರಿಯುತ್ತಿತ್ತು.

"ಹೋಗಿ ಬನ್ನಿ" ಎಂದ ಅವನು.